ಬಿಂದಿಗೆಯ ತಳದ ಗೆರೆ

ಚಿತ್ರಕಲಾ ಕಾಲೇಜಿಗೆ ಸೇರಿದ ಹೊಸತರಲ್ಲಿ ಮಕ್ಕಳ ಮುಂದೆ ಇಡುವ ವಸ್ತುಗಳಲ್ಲಿ ಬಿಂದಿಗೆಯೂ ಒಂದು. ಸ್ಟೂಲಿಗೊಂದು ಬಟ್ಟೆ ಹಾಸಿ, ಅದರ ಮೇಲೆ ಹಿತ್ತಾಳೆಯದೋ ಮಣ್ಣಿನದೋ ಒಂದು ಬಿಂದಿಗೆ ಇಟ್ಟು, ಒಂದು ಪಕ್ಕದ ಕಿಟಕಿ ಮಾತ್ರ ತೆರೆದು, ‘ಬರೀರಿ’ ಎಂದು ಹೇಳಿ ಮೇಷ್ಟ್ರು ಸುಮ್ಮನಾಗುತ್ತಾರೆ. ಅರ್ಧ ಗಂಟೆ ಬಿಟ್ಟು ಬೋರ್ಡುಗಳ ನಡುವೆ ಓಡಾಡಿದರೆ ಹೆಚ್ಚಿನ ಕಾಗದಗಳಲ್ಲಿ ಒಂದೇ ತಪ್ಪು ಕಾಣುತ್ತದೆ. ಬಿಂದಿಗೆಯ ಬಾಯನ್ನು ಬಾಗಿದ ಗೆರೆಯಲ್ಲಿ ಬರೆದಿರುತ್ತಾರೆ, ತಳವನ್ನು ನೇರ ಗೆರೆಯಲ್ಲಿ.

ತಪ್ಪಿಗೆ ಕಾರಣವಿದೆ. ಸ್ಟೂಲು ಸಮತಟ್ಟಾಗಿದೆ, ಬಿಂದಿಗೆ ಅಲುಗಾಡದೆ ಕೂತಿದೆ, ಆದ್ದರಿಂದ ತಳ ಚಪ್ಪಟೆ ಎಂಬುದು ಎಲ್ಲರಿಗೂ ಗೊತ್ತು. ಕೈ ಬರೆದದ್ದು ಆ ಗೊತ್ತಿರುವ ಸಂಗತಿಯನ್ನು. ಕಣ್ಣಿಗೆ ಕಾಣುತ್ತಿರುವುದು ಬೇರೆ. ಕಣ್ಣಿನ ಮಟ್ಟಕ್ಕೆ ಸರಿಯಾಗಿರುವ ವೃತ್ತ ಬರೀ ಒಂದು ಗೆರೆಯಾಗಿ ಕಾಣುತ್ತದೆ. ಆ ಮಟ್ಟದಿಂದ ಕೆಳಗಿಳಿದಷ್ಟೂ ತೆರೆದುಕೊಳ್ಳುತ್ತಾ ದುಂಡಗಾಗುತ್ತಾ ಹೋಗುತ್ತದೆ. ಬಾಯಿಗಿಂತ ತಳ ಕೆಳಗಿದೆ. ಹಾಗಾಗಿ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚೇ ಇರಬೇಕು, ನೇರವಾಗಿರುವ ಮಾತೇ ಇಲ್ಲ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಹುಡುಗನನ್ನು ಎಬ್ಬಿಸಿ ನಿಲ್ಲಿಸಿ ನೋಡಿಸಬೇಕು, ಮತ್ತೆ ನೆಲದ ಮೇಲೆ ಕೂರಿಸಿ ನೋಡಿಸಬೇಕು. ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ತುದಿಯಿಂದ ಹೆಬ್ಬೆರಳಿನವರೆಗೆ ಅಳೆದು, ಬಾಯಿಯ ಅಗಲ ಎಷ್ಟು, ಅದರ ತೆರವು ಎಷ್ಟು, ಹೊಟ್ಟೆಯ ಅಗಲ ಎಷ್ಟು ಎಂದು ಲೆಕ್ಕ ಹಾಕಿಸಬೇಕು. ಆಗ ಒಂದು ಗಳಿಗೆಯಲ್ಲಿ ಅದು ಕಾಣುತ್ತದೆ. ಒಮ್ಮೆ ಕಂಡ ಮೇಲೆ ಜೀವಮಾನದಲ್ಲಿ ಆ ತಪ್ಪು ಆಗುವುದಿಲ್ಲ.

ಕಂಡದ್ದನ್ನು ನಂಬುವ ಈ ಅಭ್ಯಾಸಕ್ಕೆ ಹಿಡಿಯುವ ಕಾಲವೇ ಕಲಾ ಕಾಲೇಜಿನ ಮೊದಲ ವರ್ಷ. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಫೌಂಡೇಷನ್’. ನಾಲ್ಕು ವರ್ಷದ ಪದವಿಯಲ್ಲಿ ಈ ಒಂದು ವರ್ಷ ಯಾರೂ ಪೇಂಟರ್ ಅಲ್ಲ, ಶಿಲ್ಪಿ ಅಲ್ಲ, ಡಿಸೈನರ್ ಅಲ್ಲ. ಎಲ್ಲರಿಗೂ ಎಲ್ಲ ಪಾಠ. ವರ್ಷ ಮುಗಿದ ಮೇಲೆ ಪೇಂಟಿಂಗ್, ಶಿಲ್ಪಕಲೆ, ಗ್ರಾಫಿಕ್ಸ್, ಅಪ್ಲೈಡ್ ಆರ್ಟ್ ಎಂದು ದಾರಿಗಳು ಕವಲೊಡೆಯುತ್ತವೆ. ಪೋಷಕರಿಗೂ ಎಷ್ಟೋ ವಿದ್ಯಾರ್ಥಿಗಳಿಗೂ ಈ ವರ್ಷ ದಂಡ ಅನಿಸುತ್ತದೆ. ನನ್ನ ಮಟ್ಟಿಗೆ ನಾಲ್ಕರಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ. ಅದರಲ್ಲೂ ತಾಳವಾಡಿಯಂಥ ಕಡೆಯಿಂದ ಹೋಗುವ ಮಕ್ಕಳಿಗೆ ಈ ವರ್ಷ ಸಿಕ್ಕರೆ ಮಿಕ್ಕ ಮೂರನ್ನು ಅವರೇ ದಕ್ಕಿಸಿಕೊಳ್ಳುತ್ತಾರೆ.

ತಾಳವಾಡಿಯ ವಿಷಯ ಸ್ವಲ್ಪ ಹೇಳಬೇಕು. ಕೆಳಗಿನ ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಹಾಸನೂರಿನ ಕಾಡು ದಾಟಿದರೆ ಸಿಗುವ ಬಯಲು ಇದು. ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆ, ಮನೆಮಾತಿಗೆ ಕನ್ನಡ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇಲ್ಲೇ ಇದೆ ಎಂದರೆ ಹೆಚ್ಚು ವಿವರ ಬೇಕಿಲ್ಲ. ಜಿಲ್ಲಾ ಕೇಂದ್ರಕ್ಕೆ ಘಾಟಿಯಿಳಿದು ನೂರು ಕಿಲೋಮೀಟರಿಗೂ ಹೆಚ್ಚು. ಚಾಮರಾಜನಗರ ಅದರ ಕಾಲು ಭಾಗದಷ್ಟು ದೂರದಲ್ಲಿದೆ. ಸುತ್ತ ಸತ್ಯಮಂಗಲಂ ಹುಲಿ ಸಂರಕ್ಷಿತ ಪ್ರದೇಶ. 2022ರ ಫೆಬ್ರುವರಿಯಿಂದ ಘಾಟಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧ ಬಂದಿದೆ. ಅರಿಶಿನ, ಎಲೆಕೋಸು, ಬಾಳೆ, ಜೋಳ, ರಾಗಿ ಬೆಳೆಯುವ ಜನ, ಬೆಳೆ ಕಾಯಲು ರಾತ್ರಿ ಹೊಲದಲ್ಲಿ ಮಲಗುವ ಜನ.

ಇಂಥ ಊರಿನ ಹುಡುಗ ಹುಡುಗಿಗೆ ಚಿತ್ರ ಬರೆಯುವ ಕೈ ಇದೆ ಎಂದು ಗೊತ್ತಾಗುವುದು ಹೇಗೆ? ವಿಜ್ಞಾನದ ರೆಕಾರ್ಡ್ ಪುಸ್ತಕದಲ್ಲಿ ದಾಸವಾಳದ ಹೂವನ್ನು ಚೆನ್ನಾಗಿ ಬರೆದದ್ದಕ್ಕೆ, ಊರಹಬ್ಬದ ಬ್ಯಾನರಿಗೆ ಅಕ್ಷರ ಬರೆದದ್ದಕ್ಕೆ, ಬಾಗಿಲ ಮುಂದೆ ಇಟ್ಟ ರಂಗೋಲಿಗೆ. ಸರ್ಕಾರಿ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರು ಎಲ್ಲ ಕಡೆ ಇರುವುದಿಲ್ಲ, ಇದ್ದ ಕಡೆಯೂ ವಾರಕ್ಕೊಂದೆರಡು ಪೀರಿಯಡ್ಡು. ಕರ್ನಾಟಕದಲ್ಲಿ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿವೆ. ತಮಿಳುನಾಡಿನಲ್ಲಿ ಸರ್ಕಾರಿ ತಾಂತ್ರಿಕ ಪರೀಕ್ಷೆಗಳ ಅಡಿಯಲ್ಲಿ ಫ್ರೀಹ್ಯಾಂಡ್ ಔಟ್‌ಲೈನ್, ಮಾಡೆಲ್ ಡ್ರಾಯಿಂಗ್ ಎಂಬವು ಇವೆ. ಇವುಗಳ ಹೆಸರನ್ನೇ ಕೇಳದೆ ಪ್ಲಸ್ ಟೂ ಮುಗಿಸುವವರೇ ಬಹಳ. ಅಂದರೆ ನಗರದ ಮಗುವೊಂದು ಎಂಟು ಹತ್ತು ವರ್ಷ ಭಾನುವಾರದ ತರಗತಿಗೆ ಹೋಗಿ ಕಲಿತದ್ದನ್ನು ಬೆಟ್ಟದ ಮಗು ಈ ಒಂದೇ ವರ್ಷದಲ್ಲಿ ಕಲಿಯಬೇಕು. ಎಲ್ಲರನ್ನೂ ಬಿಂದಿಗೆಯ ಮುಂದೆ ಕೂರಿಸುವ ವರ್ಷ ಇಲ್ಲದಿದ್ದರೆ ಆ ಅಂತರ ಮುಚ್ಚಲು ಬೇರೆ ದಾರಿಯೇ ಇಲ್ಲ.

ಕಲಿಯಲು ಹೋಗುವುದಾದರೂ ಎಲ್ಲಿಗೆ? ತಮಿಳುನಾಡಿನ ಸರ್ಕಾರಿ ಕಲಾ ಕಾಲೇಜುಗಳು ಚೆನ್ನೈ ಮತ್ತು ಕುಂಭಕೋಣದಲ್ಲಿವೆ. ಚೆನ್ನೈಗೆ ಸುಮಾರು 500 ಕಿಲೋಮೀಟರು. ಇತ್ತ ಚಾಮರಾಜನಗರದ ಮೇಲೆ ಹೋದರೆ ನೂರು ಕಿಲೋಮೀಟರಿನೊಳಗೆ ಮೈಸೂರು, ಅಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಜನರ ಬಾಯಲ್ಲಿ ‘ಕಾವಾ’. ಮುಂದೆ ಬೆಂಗಳೂರಿನಲ್ಲಿ 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತಿನ ಕಾಲೇಜು. ಪರಿಷತ್ತಿನ ಮುಂದಿನ ರಸ್ತೆಯಲ್ಲಿ 2003ರಿಂದ ನಡೆಯುವ ಚಿತ್ರಸಂತೆಯನ್ನು ನೋಡಿ, ‘ಇಷ್ಟೊಂದು ಜನ ಇದರಲ್ಲೇ ಬದುಕುತ್ತಾರಾ’ ಎಂದು ಬೆರಗಾಗುವ ತಂದೆ ತಾಯಿಗಳಿದ್ದಾರೆ. ಎರಡು ರಾಜ್ಯಗಳ ಕಡೆಗೂ ಮುಖ ಮಾಡಬಹುದಾದ ಮಕ್ಕಳು ಇವರು. ಅದು ಅನುಕೂಲವೂ ಹೌದು, ತೊಡಕೂ ಹೌದು: ಭಾಷೆ ಒಂದು ಕಡೆ, ವಾಸಸ್ಥಳದ ಸರ್ಟಿಫಿಕೇಟು ಇನ್ನೊಂದು ಕಡೆ.

ಗಡಿ ದಾಟಿ ಚಿತ್ರ ಕಲಿತವರ ಸಾಲು ಸಣ್ಣದಲ್ಲ. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಮದ್ರಾಸಿನ ಕಲಾ ಕಾಲೇಜಿಗೆ ಹೋಗಿ ಕೆ.ಸಿ.ಎಸ್. ಪಣಿಕ್ಕರ್ ಅವರ ಗರಡಿಯಲ್ಲಿ ಪಳಗಿ, 1966ರಲ್ಲಿ ಸ್ಥಾಪನೆಯಾದ ಚೋಳಮಂಡಲ ಕಲಾಗ್ರಾಮದ ಮೊದಲಿಗರಲ್ಲಿ ಒಬ್ಬರಾದರು. ಅದಕ್ಕೂ ಬಹಳ ಮೊದಲು, 1909ರಲ್ಲಿ, ಮೈಸೂರಿನ ಚಿತ್ರಗಾರ ಮನೆತನದ ಯುವಕನೊಬ್ಬ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋದ. ಕೆ. ವೆಂಕಟಪ್ಪ. ಅವರ ಕಥೆಯಲ್ಲಿ ನಮ್ಮ ‘ಮೊದಲ ವರ್ಷ’ದ ಪೂರ್ವೋತ್ತರವೆಲ್ಲ ಅಡಕವಾಗಿದೆ.

ಚಿತ್ರಗಾರ ಮನೆಯಲ್ಲಿ ಹುಟ್ಟಿದವನಿಗೆ ಕಲಿಕೆಯ ಆರಂಭ ಕುಂಚದಿಂದಲ್ಲ. ಹುಣಿಸೆಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲುಕಡ್ಡಿ ಮಾಡುವುದು, ಅಳಿಲಿನ ಕೂದಲಿನಿಂದ ಕುಂಚ ಕಟ್ಟುವುದು, ಕಲ್ಲಿನ ಮೇಲೆ ಬಣ್ಣ ಅರೆಯುವುದು, ಹಲಗೆಗೆ ಕಾಗದ ಅಂಟಿಸಿ ನಯ ಮಾಡುವುದು. ದೊಡ್ಡವರು ಬರೆಯುವುದನ್ನು ನೋಡುತ್ತಾ ನೋಡುತ್ತಾ ವರ್ಷಗಳು ಕಳೆದ ಮೇಲೆ ಒಂದು ದಿನ ಸೆರಗಿನ ಅಂಚನ್ನೋ ಸಿಂಹಾಸನದ ಕಾಲನ್ನೋ ತುಂಬಲು ಬಿಡುತ್ತಾರೆ. ಇದು ನಮ್ಮಲ್ಲಿದ್ದ ಹಳೆಯ ಫೌಂಡೇಷನ್. ವಸ್ತುವಿನ ಗುಣ ಕೈಗೆ ಮೊದಲು ಗೊತ್ತಾಗುತ್ತಿತ್ತು, ಆಮೇಲೆ ಚಿತ್ರ. ಆದರೆ ಆ ಬಾಗಿಲು ಮನೆತನದವರಿಗೆ ಮಾತ್ರ ತೆರೆಯುತ್ತಿತ್ತು ಎಂಬುದನ್ನೂ ಮರೆಯಬಾರದು. ರಾಗಿ ಹೊಲದ ಹುಡುಗನಿಗೆ, ಸೋಲಿಗರ ಪೋಡಿನ ಹುಡುಗಿಗೆ ಅಲ್ಲಿ ಜಾಗವಿರಲಿಲ್ಲ. ಕಾಲೇಜು ಬಂದದ್ದರಿಂದ ಆದ ದೊಡ್ಡ ಉಪಕಾರ ಅದು.

ಕಾಲೇಜು ಬರುವಾಗ ತನ್ನದೇ ಹೊರೆಯನ್ನೂ ಹೊತ್ತು ತಂದಿತು. ಮದ್ರಾಸಿನಲ್ಲಿ 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ ಕಲಾಶಾಲೆ ತೆರೆದ. ಕಲ್ಕತ್ತೆ, ಬೊಂಬಾಯಿಗಳಲ್ಲಿ ಆ ದಶಕದಲ್ಲೇ ಶಾಲೆಗಳಾದವು. ಇಂಗ್ಲೆಂಡಿನ ಸೌತ್ ಕೆನ್ಸಿಂಗ್ಟನ್ ಪದ್ಧತಿ ಈ ಶಾಲೆಗಳ ಮೇಲೆ ದೊಡ್ಡ ನೆರಳು ಬೀರಿತು. ಅದರಲ್ಲಿ ಪಾಠಕ್ಕೆ 23 ಹಂತಗಳು. ಮೊದಲು ಅಳತೆಪಟ್ಟಿ ಹಿಡಿದು ನೇರ ಗೆರೆ, ಆಮೇಲೆ ಮುದ್ರಿತ ಹಾಳೆ ನೋಡಿ ಹೊರರೇಖೆ, ಆಮೇಲೆ ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಅಚ್ಚು ನೋಡಿ ನೆರಳು ಬೆಳಕು. ಬಣ್ಣ, ಮನುಷ್ಯಾಕೃತಿ, ಸ್ವಂತ ರಚನೆ ಎಲ್ಲ ಬಹಳ ಆಮೇಲೆ. ಒಳ್ಳೆಯ ನಕ್ಷೆಗಾರರನ್ನೂ ಕಸುಬುದಾರರನ್ನೂ ತಯಾರಿಸುವುದು ಅದರ ಉದ್ದೇಶ, ಆ ಉದ್ದೇಶ ಈಡೇರಿತು ಕೂಡ. ಆದರೆ ಕಾವೇರಿ ದಂಡೆಯ ಹುಡುಗ ತನ್ನೂರಿನ ದೇವಸ್ಥಾನದ ಕಂಬದಲ್ಲಿ ಕೆತ್ತಿದ ಹೆಣ್ಣನ್ನು ನೋಡುವ ಮೊದಲೇ ಅಪೊಲೋನ ಮೂಗನ್ನು ನೂರು ಸಲ ಬರೆದಿರುತ್ತಿದ್ದ.

1884ರಲ್ಲಿ ಮದ್ರಾಸ್ ಶಾಲೆಗೆ ಬಂದು ಮುಂದೆ ಕಲ್ಕತ್ತೆಗೆ ಹೋದ ಇ.ಬಿ. ಹ್ಯಾವೆಲ್, ಅಲ್ಲಿ ಆ ಐರೋಪ್ಯ ಅಚ್ಚುಗಳನ್ನು ಸಾಗಹಾಕಲು ಹೊರಟಾಗ ವಿದ್ಯಾರ್ಥಿಗಳೇ ತಿರುಗಿಬಿದ್ದರು. ‘ನಿಜವಾದ ಕಲೆ’ಯನ್ನು ತಮ್ಮಿಂದ ಕಿತ್ತುಕೊಳ್ಳುತ್ತಿದ್ದಾರೆ ಎಂಬ ಅನುಮಾನ ಅವರದು. ಅವರನ್ನು ತಪ್ಪು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಯಾವುದು ದೊಡ್ಡದು ಎಂದು ಹೇಳಿಕೊಟ್ಟಿರುತ್ತಾರೋ ಅದನ್ನೇ ಮಕ್ಕಳು ಕೇಳುತ್ತಾರೆ. ಹ್ಯಾವೆಲ್ ಕರೆತಂದ ಅವನೀಂದ್ರನಾಥ ಟ್ಯಾಗೋರರ ಕೈಕೆಳಗೇ ವೆಂಕಟಪ್ಪ ಕಲಿತದ್ದು. 1914ರಲ್ಲಿ ಅವನೀಂದ್ರನಾಥರು ಭಾರತೀಯ ಶಿಲ್ಪಶಾಸ್ತ್ರದ ದೇಹರಚನೆಯ ಬಗ್ಗೆ ಒಂದು ಚಿಕ್ಕ ಪುಸ್ತಕ ತಂದರು. ಅದರ ರೇಖಾಚಿತ್ರಗಳನ್ನು ಬರೆದವರು ನಂದಲಾಲ್ ಬೋಸ್ ಮತ್ತು ನಮ್ಮ ವೆಂಕಟಪ್ಪ. ಮುಂಡ ಗೋಮುಖದ ಆಕಾರ, ಭುಜ ಆನೆಯ ತಲೆ, ತೋಳು ಅದರ ಸೊಂಡಿಲು, ಮುಂಗೈ ಎಳೆ ಬಾಳೆಯ ದಿಂಡು, ಗಲ್ಲ ಮಾವಿನ ವಾಟೆ. ಯೂರೋಪಿನ ಶಾಲೆ ದೇಹವನ್ನು ಎಲುಬು ಸ್ನಾಯುಗಳಿಂದ ಕಲಿಸಿದರೆ ಇಲ್ಲಿ ಹಿತ್ತಲಿನ ಗಿಡ, ಕೊಟ್ಟಿಗೆಯ ದನ, ಕಾಡಿನ ಪ್ರಾಣಿಗಳಿಂದ ಕಲಿಸುತ್ತಾರೆ.

ಈ ಪುಸ್ತಕದ ಹಾಳೆಗಳನ್ನು ತಾಳವಾಡಿಯ ಹುಡುಗಿಯೊಬ್ಬಳ ಮುಂದೆ ಇಟ್ಟರೆ ಏನಾಗುತ್ತದೆ? ಆನೆಯ ಕುಂಭಸ್ಥಳ ಎಲ್ಲಿ ಉಬ್ಬುತ್ತದೆ, ಸೊಂಡಿಲು ಎಲ್ಲಿ ಸಣ್ಣಗಾಗುತ್ತಾ ಬರುತ್ತದೆ ಎಂಬುದು ಅವಳಿಗೆ ಮೃಗಾಲಯದಲ್ಲಿ ನೋಡಿ ತಿಳಿದದ್ದಲ್ಲ. ಬಾಳೆಯ ದಿಂಡನ್ನು ಅವಳು ಕಡಿದು ಹೊತ್ತವಳು. ಹಸುವಿನ ಮುಖವನ್ನು ದಿನಾ ಬೆಳಿಗ್ಗೆ ಅಷ್ಟು ಹತ್ತಿರದಿಂದ ನೋಡುವವಳು. ಆ ತರಗತಿಯಲ್ಲಿ ಮೊದಲ ಬೆಂಚು ಅವಳದಾಗಬೇಕು. ಆಗುವುದಿಲ್ಲ ಯಾಕೆಂದರೆ, ತನಗೆ ಗೊತ್ತಿರುವುದು ಪಾಠ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಅದನ್ನು ಹೇಳುವ ಜವಾಬ್ದಾರಿ ಮೊದಲ ವರ್ಷದ ಮೇಷ್ಟ್ರದು.

ವೆಂಕಟಪ್ಪನವರು ಊಟಿಯಲ್ಲಿ, ಕೊಡೈಕೆನಾಲಿನಲ್ಲಿ ಬರೆದ ಜಲವರ್ಣದ ನಿಸರ್ಗಚಿತ್ರಗಳು ಇವತ್ತು ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯ ಆಸ್ತಿ. ನಮ್ಮ ತಾಳವಾಡಿ ಸೀಮೆಯ ತಲಮಲೆಯ ಅಂಚಿಗೆ ಹೋಗಿ ನಿಂತರೆ ಕೆಳಗೆ ಮೋಯಾರ್ ಕಣಿವೆ, ಅದರಾಚೆ ಎದ್ದು ನಿಂತಿರುವುದು ಅದೇ ನೀಲಗಿರಿ. ಬೆಳಗಿನ ಹೊತ್ತು ಹತ್ತಿರದ ಗುಡ್ಡ ಕಡು ಹಸಿರು, ಅದರ ಹಿಂದಿನದು ಬೂದು ಹಸಿರು, ಅದರ ಹಿಂದಿನದು ನೀಲಿ, ಕೊನೆಯದು ಆಕಾಶಕ್ಕಿಂತ ಒಂದು ಎಳೆ ಮಾತ್ರ ಗಾಢ. ನಡುವಿನ ಗಾಳಿಯಲ್ಲಿರುವ ತೇವ, ಧೂಳು ಬೆಳಕನ್ನು ಚದುರಿಸುವುದರಿಂದ ದೂರ ಹೋದಷ್ಟೂ ಕಪ್ಪು ತಿಳಿಯಾಗುತ್ತದೆ, ಬಣ್ಣ ನೀಲಿಗೆ ವಾಲುತ್ತದೆ, ಅಂಚು ಕರಗುತ್ತದೆ. ಪಠ್ಯದಲ್ಲಿ ಇದಕ್ಕೆ ವಾಯು ಪರಿಪ್ರೇಕ್ಷ್ಯ ಎಂದು ದೊಡ್ಡ ಹೆಸರು. ನಗರದ ವಿದ್ಯಾರ್ಥಿ ಇದನ್ನು ಸ್ಲೈಡಿನಲ್ಲಿ ನೋಡಿ ನೆನಪಿಟ್ಟುಕೊಳ್ಳಬೇಕು. ಬೆಟ್ಟದ ಮಕ್ಕಳಿಗೆ ನೆನಪು ಮಾಡಿಸಿದರೆ ಸಾಕು.

ಈಗಿನ ಮೊದಲ ವರ್ಷದ ಪಾಠಪಟ್ಟಿಗೆ ಇನ್ನೊಂದು ಮೂಲವೂ ಇದೆ. 1919ರಲ್ಲಿ ಜರ್ಮನಿಯ ವೈಮಾರಿನಲ್ಲಿ ಬೌಹೌಸ್ ಶಾಲೆ ಆರಂಭವಾಯಿತು. ಶಾಂತಿನಿಕೇತನದ ಕಲಾಭವನ ಹುಟ್ಟಿದ್ದೂ ಅದೇ ವರ್ಷ. ಬೌಹೌಸಿನಲ್ಲಿ ಯೋಹಾನೆಸ್ ಇಟೆನ್ ಎಂಬ ಶಿಕ್ಷಕ ಹೊಸದಾಗಿ ಬಂದವರಿಗೆಲ್ಲ ಆರು ತಿಂಗಳ ಪೂರ್ವಭಾವಿ ತರಗತಿ ಇಟ್ಟ. ಅದರಲ್ಲಿ ಪಾಸಾಗದೆ ಯಾವ ಕಾರ್ಯಾಗಾರಕ್ಕೂ ಪ್ರವೇಶವಿಲ್ಲ. ಹಳೆಯ ಚಿತ್ರಗಳ ನಕಲು ಅಲ್ಲಿ ಮುಖ್ಯವಲ್ಲ. ಒರಟು ಯಾವುದು, ನಯ ಯಾವುದು, ಭಾರ, ಹಗುರ, ಬೆಳಕು, ಕತ್ತಲೆ ಎಂದು ಎದುರುಬದುರಾದ ಗುಣಗಳನ್ನು ಕೈಯಿಂದ ಮುಟ್ಟಿ ಬರೆದು ಅರಿಯುವುದು. ಆತ ಬಿಟ್ಟ ಮೇಲೆ ಮೊಹೊಲಿ ನಾಗ್, ಯೋಸೆಫ್ ಆಲ್ಬರ್ಸ್ ಅದನ್ನು ಮುಂದುವರಿಸಿದರು. ಆಲ್ಬರ್ಸ್ ತರಗತಿಗೆ ಬರೀ ಕಾಗದ ಕೊಟ್ಟು, ಚೂರೂ ವ್ಯರ್ಥ ಮಾಡದೆ ಇದರಿಂದ ಏನಾದರೂ ಕಟ್ಟಿ ಎನ್ನುತ್ತಿದ್ದರಂತೆ. 1922ರ ಡಿಸೆಂಬರಿನಲ್ಲಿ ಬೌಹೌಸ್ ಕಲಾವಿದರ ಕೃತಿಗಳು ಕಲ್ಕತ್ತೆಯಲ್ಲಿ ಪ್ರದರ್ಶನವನ್ನೂ ಕಂಡವು. ಇವತ್ತು ನಮ್ಮ ಕಾಲೇಜುಗಳಲ್ಲಿ ಮೊದಲ ವರ್ಷದವರು ಮಾಡುವ ಟು-ಡಿ ಡಿಸೈನ್, ತ್ರೀ-ಡಿ ಡಿಸೈನ್, ಟೆಕ್ಸ್ಚರ್ ಶೀಟು, ಬಣ್ಣದ ಚಕ್ರ ಇವೆಲ್ಲದರ ಬೇರು ಅಲ್ಲಿಗೆ ಹೋಗುತ್ತದೆ. ಬಿಂದಿಗೆಯೂ ಪ್ಲಾಸ್ಟರ್ ತಲೆಯೂ ಸೌತ್ ಕೆನ್ಸಿಂಗ್ಟನ್ನಿನ ಕಡೆಯವು, ಬಯಲಿಗೆ ಹೋಗಿ ಬರೆಯುವ ಔಟ್‌ಡೋರು ಶಾಂತಿನಿಕೇತನದ ಕಡೆಯದು. ಮೂರು ಊರಿನ ನೀರು ಸೇರಿದ ಪಾಠ ಇದು.

ಬಣ್ಣದ ಒಂದು ಅಭ್ಯಾಸವನ್ನು ಹತ್ತಿರದಿಂದ ನೋಡೋಣ. ಒಂದೇ ಹಳದಿ ಕಾಗದದಿಂದ ಎರಡು ಚೌಕ ಕತ್ತರಿಸಿ, ಒಂದನ್ನು ಬಿಳಿ ಹಾಳೆಯ ಮೇಲೆ, ಇನ್ನೊಂದನ್ನು ಕಪ್ಪಿನ ಮೇಲೆ ಅಂಟಿಸುತ್ತಾರೆ. ಬಿಳಿಯ ಮೇಲಿನದು ಮಂಕಾಗಿ ಸಣ್ಣದಾಗಿ ಕಾಣುತ್ತದೆ, ಕಪ್ಪಿನ ಮೇಲಿನದು ಮೈದುಂಬಿ ಹೊಳೆಯುತ್ತದೆ. ಎರಡೂ ಒಂದೇ ಕಾಗದ ಎಂದರೆ ಹೊಸಬರು ನಂಬುವುದಿಲ್ಲ, ಕಿತ್ತು ಪಕ್ಕ ಪಕ್ಕ ಇಟ್ಟು ತೋರಿಸಬೇಕು. ಬಣ್ಣಕ್ಕೆ ತನ್ನಷ್ಟಕ್ಕೆ ಗುಣವಿಲ್ಲ, ನೆರೆಹೊರೆಯಿಂದ ಗುಣ ಬರುತ್ತದೆ ಎಂಬುದು ಪಾಠ. ಅರಿಶಿನ ಬೆಳೆಯುವ ಊರಿನವರು ಇದಕ್ಕೆ ಇನ್ನೊಂದನ್ನು ಸೇರಿಸಬಲ್ಲರು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ಓಕುಳಿ ಅದೇ. ಅರಿಶಿನದ ಬಟ್ಟೆಯನ್ನು ಬಿಸಿಲಿಗೆ ಒಣಹಾಕಿದರೆ ದಿನಕಳೆದಂತೆ ಬಣ್ಣ ಹಾರುತ್ತದೆ. ಯಾವ ಬಣ್ಣ ಯಾವುದರ ಜೊತೆ ಸೇರಿ ಬದಲಾಗುತ್ತದೆ, ಯಾವುದು ಬೆಳಕಿಗೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬ ಅರಿವು ವರ್ಣಚಿತ್ರಕಾರನಿಗೆ ಜೀವನಪೂರ್ತಿ ಬೇಕು. ಅದು ನಮ್ಮ ಅಡುಗೆಮನೆಯಲ್ಲೇ ಶುರುವಾಗಿದೆ.

ಮಣ್ಣಿನ ಕೆಲಸದಲ್ಲೂ ಹಳ್ಳಿಯ ಮಕ್ಕಳು ಒಂದು ಹೆಜ್ಜೆ ಮುಂದಿರುತ್ತಾರೆ. ತಲೆಯ ಮಾಡೆಲಿಂಗ್ ಮಾಡುವಾಗ ಒಳಗೆ ಮರದ ಗೂಟ, ಅದಕ್ಕೆ ತಂತಿ, ತಂತಿಗೆ ಕಡ್ಡಿಗಳನ್ನು ಕಟ್ಟಿ ಮಣ್ಣು ಜಾರದಂತೆ ಆಧಾರ ಮಾಡಬೇಕು. ಮಣ್ಣನ್ನು ಹದವಾಗಿ ನಾದಿರಬೇಕು, ಗಾಳಿ ಉಳಿಯಬಾರದು, ರಾತ್ರಿ ಒದ್ದೆ ಬಟ್ಟೆ ಹೊದಿಸಿ ಹೋಗದಿದ್ದರೆ ಬೆಳಿಗ್ಗೆ ಮೂಗಿನ ಮೇಲೆ ಬಿರುಕು. ಎಷ್ಟೋ ವಿದ್ಯಾರ್ಥಿಗಳು ಕಣ್ಣು ತುಟಿಗಳಿಂದ ಶುರು ಮಾಡಿ ಸೋಲುತ್ತಾರೆ. ತಲೆಬುರುಡೆಯ ದೊಡ್ಡ ಉಂಡೆ, ಕತ್ತಿನ ಓಲು, ದವಡೆಯ ಕೋನ ಸರಿ ಬಂದ ಮೇಲೆ ಕಣ್ಣು ತಾನಾಗಿ ತನ್ನ ಜಾಗ ಹುಡುಕಿಕೊಳ್ಳುತ್ತದೆ.

ಇನ್ನು ಸ್ಕೆಚ್ಚು. ಮೊದಲ ವರ್ಷದವರ ಕೈಯಲ್ಲಿ ಸ್ಕೆಚ್ ಪುಸ್ತಕ ಸದಾ ಇರಬೇಕು, ಕಾಲೇಜಿನಲ್ಲಿ ಲೆಕ್ಕ ಕೇಳುತ್ತಾರೆ. ಮೈಸೂರಿನಲ್ಲಿ ಓದುವವರು ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿಗಳ ಮುಂದೆ, ಬಸ್ ನಿಲ್ದಾಣದಲ್ಲಿ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕೂತು ಬರೆಯುವುದನ್ನು ಯಾರು ಬೇಕಾದರೂ ನೋಡಬಹುದು. ಬರೆಸಿಕೊಳ್ಳುತ್ತಿರುವವರು ಅಲುಗಾಡುತ್ತಾರೆ, ಎದ್ದು ಹೋಗುತ್ತಾರೆ, ‘ಏನ್ ಬರೀತಿದ್ದೀಯ, ತೋರ್ಸು’ ಎಂದು ಹತ್ತಿರ ಬರುತ್ತಾರೆ. ಆದ್ದರಿಂದ ಅರ್ಧ ನಿಮಿಷದಲ್ಲಿ ದೇಹದ ಭಾರ ಯಾವ ಕಾಲಿನ ಮೇಲಿದೆ, ಸೊಂಟ ಯಾವ ಕಡೆ ವಾಲಿದೆ ಎಂಬುದನ್ನು ಹಿಡಿಯಬೇಕಾಗುತ್ತದೆ. ಸಂಗೀತಕ್ಕೆ ಸರಳೆ ಜಂಟಿವರಸೆ ಇದ್ದ ಹಾಗೆ ಚಿತ್ರಕ್ಕೆ ಇದು. ಅದನ್ನು ಯಾರೂ ಕಚೇರಿಯಲ್ಲಿ ಹಾಡುವುದಿಲ್ಲ, ಅದಿಲ್ಲದೆ ಕಚೇರಿಯೂ ಇಲ್ಲ. ರಸ್ತೆಯ ಪಕ್ಕ ಒಬ್ಬಳೇ ಕೂತು ಬರೆಯುವುದು ಹುಡುಗಿಯರಿಗೆ ಈಗಲೂ ಸುಲಭವಲ್ಲ. ನಾಲ್ಕೈದು ಜನ ಗುಂಪಾಗಿ ಹೋಗುವ ಪದ್ಧತಿ ಇರುವುದು ಅದಕ್ಕೇ. ಕಾಲೇಜುಗಳು ಔಟ್‌ಡೋರ್ ತರಗತಿಗೆ ಶಿಕ್ಷಕರನ್ನು ಜೊತೆಗೆ ಕಳಿಸಬೇಕು ಎಂದು ನಾನು ಒತ್ತಿ ಹೇಳುವುದೂ ಅದಕ್ಕೇ.

ಥಿಯರಿಯ ಪತ್ರಿಕೆಗೆ ಬಂದರೆ ಹರಪ್ಪ, ಅಜಂತಾ, ಗ್ರೀಸ್, ರೋಮ್ ಎಂದು ಸಾಗುತ್ತದೆ. ಕಾಮಸೂತ್ರದ ವ್ಯಾಖ್ಯಾನದಲ್ಲಿ ಯಶೋಧರ ಹೇಳಿದ ಚಿತ್ರದ ಆರು ಅಂಗಗಳನ್ನು, ಅಂದರೆ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗಗಳನ್ನು ಎಲ್ಲರೂ ಉರುಹೊಡೆಯುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ಕ್ಕೆ ಅಷ್ಟು ಜಾಗ ಸಿಗುವುದಿಲ್ಲ, ಸಿಗಬೇಕು. ನೋಡಿದ್ದನ್ನು ಕನ್ನಡಿಯಲ್ಲಿ ಕಂಡಷ್ಟೇ ಸರಿಯಾಗಿ ಬರೆದದ್ದನ್ನು ಆ ಗ್ರಂಥ ವಿದ್ಧಚಿತ್ರ ಎನ್ನುತ್ತದೆ. ಮನಸ್ಸಿನಿಂದ ಹೊರಟದ್ದನ್ನು ಅವಿದ್ಧ ಎನ್ನುತ್ತದೆ. ಪುಡಿಯಿಂದ ನೆಲದ ಮೇಲೆ ಬರೆಯುವ ಧೂಳಿಚಿತ್ರಕ್ಕೂ ಅಲ್ಲಿ ಮಾನ್ಯತೆಯಿದೆ. ಅಂದರೆ ನಮ್ಮ ಹೆಣ್ಣುಮಕ್ಕಳು ಬಾಗಿಲಲ್ಲಿ ದಿನಾ ಬರೆಯುವುದು 900 ವರ್ಷದ ಹಿಂದೆಯೇ ಶಾಸ್ತ್ರದ ಪಟ್ಟಿಯಲ್ಲಿತ್ತು. ಚುಕ್ಕಿಗಳ ಲೆಕ್ಕ, ಎಡಬಲದ ಸಮ, ಕೈ ಎತ್ತದೆ ಗೆರೆ ಎಳೆಯುವುದು ಇವೆಲ್ಲ ಟು-ಡಿ ಡಿಸೈನಿನ ತರಗತಿಯಲ್ಲಿ ಹೊಸದಾಗಿ ಕಲಿಸಬೇಕಾದ ಸಂಗತಿಗಳಲ್ಲ.

ಇಲ್ಲಿಗೆ ಶೀಲಾ ಗೌಡ ಅವರ ಹೆಸರು ಬರಲೇಬೇಕು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್ ಅವರ ಬಳಿ ಕಲಿತು, ಶಾಂತಿನಿಕೇತನಕ್ಕೆ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜಿಗೆ ಹೋದವರು. 1990ರ ದಶಕದ ಆರಂಭದಲ್ಲಿ ಅವರು ತೈಲವರ್ಣ ಬಿಟ್ಟು ಸಗಣಿಯನ್ನು ಕಲೆಯ ಮಾಧ್ಯಮವಾಗಿ ಎತ್ತಿಕೊಂಡರು. ಮುಂದೆ ದಾರ, ಕುಂಕುಮ ಬಂದವು. ಜಗತ್ತಿನ ದೊಡ್ಡ ದೊಡ್ಡ ಗ್ಯಾಲರಿಗಳು ಆ ಕೃತಿಗಳನ್ನು ಕರೆಸಿಕೊಂಡವು. ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ಪ್ರತಿ ವರ್ಷ ದೀಪಾವಳಿ ಕಳೆದ ಕೂಡಲೇ ಬೀರೇಶ್ವರನ ಹೆಸರಿನಲ್ಲಿ ಗೋರೆಹಬ್ಬ ನಡೆಯುತ್ತದೆ. ಊರಿನ ಕೊಟ್ಟಿಗೆಗಳ ಸಗಣಿಯನ್ನೆಲ್ಲ ತಂದು ರಾಶಿ ಹಾಕಿ, ಗಂಡಸರು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಫೋಟೊ ತೆಗೆಯಲು ದೂರದೂರದಿಂದ ಜನ ಬರುತ್ತಾರೆ. ಆ ಊರಿನ ಒಬ್ಬ ಹುಡುಗ ಕಲಾ ಕಾಲೇಜಿನ ಮೊದಲ ವರ್ಷದಲ್ಲಿ ‘ನಮ್ಮೂರಲ್ಲಿ ಸಗಣಿ ಹಬ್ಬ ಆಯ್ತದೆ’ ಎಂದು ಹೇಳಲು ನಾಚಿದರೆ ಅದು ಅವನ ತಪ್ಪಲ್ಲ. ಮೈಗೆ ಮೆತ್ತಿದ ಸಗಣಿ ಒಣಗುವಾಗ ಯಾವ ಬಣ್ಣಕ್ಕೆ ತಿರುಗುತ್ತದೆ, ಹೇಗೆ ಬಿರಿಯುತ್ತದೆ, ನೂರು ಜನ ಒಂದೇ ಬಣ್ಣದ ಮೈಯಾಗಿ ನಿಂತಾಗ ಕಣ್ಣಷ್ಟೇ ಹೇಗೆ ಕಾಣುತ್ತದೆ ಎಂಬುದು ಅವನಿಗೆ ಮಾತ್ರ ಒಳಗಿನಿಂದ ಗೊತ್ತು. ಟೆಕ್ಸ್ಚರ್ ಶೀಟಿಗೆ ಇದಕ್ಕಿಂತ ಬೇರೆ ಏನು ಬೇಕು?

ಹೀಗೆಂದು ಬಿಂದಿಗೆಯ ಪಾಠ ಬೇಡ, ಊರಿನ ನೆನಪೇ ಸಾಕು ಎಂದು ನಾನು ಹೇಳುತ್ತಿಲ್ಲ. ಊರಿನ ನೆನಪನ್ನೇ ನೆಚ್ಚಿಕೊಂಡು ಕೈ ಪಳಗಿಸಿಕೊಳ್ಳದವರು ಎರಡನೆಯ ವರ್ಷಕ್ಕೆ ಬರುವಾಗ ಅದೇ ಗುಡಿಸಲು, ಅದೇ ಎತ್ತಿನಗಾಡಿ, ಅದೇ ಸೂರ್ಯಾಸ್ತ ಬರೆಯುತ್ತಾ ನಿಂತುಬಿಡುತ್ತಾರೆ. ಕ್ಯಾಲೆಂಡರಿನ ಹಳ್ಳಿ ಅದು, ಅವರ ಹಳ್ಳಿಯಲ್ಲ. ತನ್ನ ಹಳ್ಳಿಯನ್ನು ಕಾಣಬೇಕಾದರೂ ಬಿಂದಿಗೆಯ ತಳವನ್ನು ಕಂಡ ಕಣ್ಣೇ ಬೇಕು.

ಮನೆಯವರ ಪ್ರಶ್ನೆ ಬೇರೆ. ‘ನಾಕ್ ವರ್ಸ ಚಿತ್ರ ಬರ್ದು ಏನ್ ಮಾಡೀಯೆ ಮೊಗ?’ ಎಂದು ಅವರು ಕೇಳುತ್ತಾರೆ. ಕೇಳಬೇಕಾದದ್ದೇ. ಅದಕ್ಕೆ ಉತ್ತರ ಇಲ್ಲದೆ ಇಲ್ಲ. ಶಾಲೆಗಳ ಚಿತ್ರಕಲಾ ಶಿಕ್ಷಕ ಹುದ್ದೆ, ಜಾಹೀರಾತು, ಪುಸ್ತಕ ಮತ್ತು ಪತ್ರಿಕೆಗಳ ವಿನ್ಯಾಸ, ಆನಿಮೇಷನ್, ಸಿನಿಮಾ ಕಲಾ ನಿರ್ದೇಶನ, ಶಿಲ್ಪದ ಕೆಲಸ, ಮ್ಯೂಸಿಯಂ. ಈ ದಾರಿಗಳಲ್ಲಿ ತನಗೆ ಯಾವುದು ಎಂದು ಗೊತ್ತಾಗುವುದೂ ಮೊದಲ ವರ್ಷದಲ್ಲೇ. ಹದಿನೆಂಟರ ವಯಸ್ಸಿಗೆ ಲಿನೊ ಕೊರೆಯುವ ಉಳಿಯನ್ನು, ಕಲ್ಲಚ್ಚಿನ ಕಲ್ಲನ್ನು, ಡಾರ್ಕ್‌ರೂಮನ್ನು ಎಂದೂ ಕಾಣದ ಮಗುವಿನ ಮುಂದೆ ಫಾರಂ ಇಟ್ಟು ‘ನಿನ್ನ ವಿಭಾಗ ಯಾವುದು, ಟಿಕ್ ಹಾಕು’ ಎಂದರೆ ಅದು ಕೇಳಿದ್ದ ಒಂದೇ ಹೆಸರಿಗೆ, ಪೇಂಟಿಂಗಿಗೆ, ಟಿಕ್ ಹಾಕುತ್ತದೆ. ಎಲ್ಲವನ್ನೂ ಮುಟ್ಟಿ ನೋಡಿದ ಮೇಲೆ ಕೇಳಿದರೆ ಉತ್ತರ ಬೇರೆಯಾಗುತ್ತದೆ. ಪೇಂಟರ್ ಆಗಲೆಂದೇ ಬಂದು ಮಣ್ಣಿಗೆ ಕೈಹಾಕಿ ಶಿಲ್ಪ ವಿಭಾಗಕ್ಕೆ ಹೋದವರು, ಅಕ್ಷರ ಬರೆಯುತ್ತಾ ಅಪ್ಲೈಡಿಗೆ ತಿರುಗಿದವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಆಯ್ಕೆಯನ್ನು ಒಂದು ವರ್ಷ ಮುಂದಕ್ಕೆ ಹಾಕುವ ಸವಲತ್ತು ಮಿಕ್ಕ ಪದವಿಗಳಲ್ಲಿ ಬಹಳ ಕಡಿಮೆ. ಸಿಲಬಸ್ ಬದಲಾದಾಗಲೆಲ್ಲ ಮೊದಲ ವರ್ಷಕ್ಕೇ ಕತ್ತರಿ ಹಾಕಿ, ವಿಶೇಷ ವಿಷಯಗಳನ್ನು ಬೇಗ ಶುರು ಮಾಡೋಣ ಎಂಬ ಮಾತು ಬರುತ್ತದೆ. ಆ ಕತ್ತರಿಯ ಪೆಟ್ಟು ಮೊದಲು ಬೀಳುವುದು ಡ್ರಾಯಿಂಗ್ ಮೇಷ್ಟ್ರನ್ನೇ ಕಾಣದೆ ಬಂದ ಮಕ್ಕಳ ಮೇಲೆ.

ಈ ವರ್ಷ ಪ್ಲಸ್ ಟೂ ಬರೆಯುವ ತಾಳವಾಡಿಯ ಮಕ್ಕಳಿಗೆ ಕೆಲವು ಮಾತು. ಕಲಾ ಕಾಲೇಜಿನ ಪ್ರವೇಶಕ್ಕೆ ಕೈಕೆಲಸದ ಪರೀಕ್ಷೆ ಇರುತ್ತದೆ. ಎದುರಿಗಿಟ್ಟ ವಸ್ತು ನೋಡಿ ಬರೆಯುವುದು, ಕೊಟ್ಟ ವಿಷಯಕ್ಕೆ ನೆನಪಿನಿಂದ ಬರೆಯುವುದು ಅದರಲ್ಲಿ ಸಾಮಾನ್ಯ. ಅರ್ಜಿಯ ಜೊತೆ ಬೇಕಾದ ವಾಸಸ್ಥಳ, ಜಾತಿ ಸರ್ಟಿಫಿಕೇಟುಗಳನ್ನು ತಾಲ್ಲೂಕು ಕಚೇರಿಯಿಂದ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಮೈಸೂರು, ಬೆಂಗಳೂರಿಗೆ ಹಾಕುವವರು ಗಡಿನಾಡು ಕನ್ನಡಿಗರಿಗೆ ಆ ವರ್ಷ ಏನು ಅವಕಾಶವಿದೆ ಎಂದು ಕಾಲೇಜಿನ ಕಚೇರಿಯಲ್ಲೇ ಕೇಳಿ ತಿಳಿಯಿರಿ. ಸಾಮಾನಿಗೆ ದೊಡ್ಡ ಖರ್ಚಿಲ್ಲ: ಎಚ್‌ಬಿ, ಟು-ಬಿ, ಫೋರ್-ಬಿ, ಸಿಕ್ಸ್-ಬಿ ಪೆನ್ಸಿಲ್ಲು, ಒಂದು ರಬ್ಬರು, ಬ್ಲೇಡು, ಅಗ್ಗದ ಕಾಗದದ ದಪ್ಪ ಪುಸ್ತಕ. ಸಿನಿಮಾ ನಟರ ಫೋಟೊ ನೋಡಿ ಶೇಡಿಂಗ್ ಮಾಡಿದ ಹಾಳೆಗಳನ್ನು ಒಯ್ದರೆ ಪರೀಕ್ಷಕರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಕೊಟ್ಟಿಗೆಯಲ್ಲಿ ಮಲಗಿರುವ ಹಸುವನ್ನು ಬರೆಯಿರಿ. ಎದ್ದರೆ ಇನ್ನೊಂದು ಹಾಳೆಯಲ್ಲಿ ಮತ್ತೆ ಶುರು ಮಾಡಿ. ಎಲೆಕೋಸಿನ ಮೂಟೆ ಹೊರುವವರ ಬೆನ್ನು, ಬಸ್ಸಿಗೆ ಕಾಯುವವರ ಕಾಲು, ಅಜ್ಜಿಯ ಕೈ, ಒಲೆಯ ಮುಂದಿನ ಪಾತ್ರೆಗಳನ್ನು ಬರೆಯಿರಿ. ಸೊಟ್ಟ ಬಂದ ಹಾಳೆಯನ್ನು ಹರಿಯಬೇಡಿ, ತಾರೀಖು ಹಾಕಿ ಹಾಗೇ ಇಡಿ. ಸಂದರ್ಶನದಲ್ಲಿ ಪುಸ್ತಕ ತಿರುವುವ ಮೇಷ್ಟ್ರು ಮೊದಲ ಹಾಳೆಗೂ ಕೊನೆಯ ಹಾಳೆಗೂ ನಡುವೆ ಕೈ ಎಷ್ಟು ದೂರ ಬಂದಿದೆ ಎಂದು ನೋಡುತ್ತಾರೆ.